ಆ ಹಾಡಿನ ಹೊತ್ತಿಗೆ ತೊಳೆದ ಕಪ್‌ಗಳು

ನಮ್ಮ ಮನೆ ಮಾಲೀಕರ ಬೆರಳ ತುದಿಗಳು ಸದಾ ಸೋಪಿನ ನೀರಲ್ಲಿ ನೆನೆದು ಒಣದ್ರಾಕ್ಷಿಯಂತೆ ಸುಕ್ಕುಗಟ್ಟಿರುತ್ತಿದ್ದವು. ಒಂದು ಕಾಲದಲ್ಲಿ ಅದೇ ಬೆರಳುಗಳು, ಹತ್ತಿಪ್ಪತ್ತು ಜನ ಒಟ್ಟಿಗೆ ಸ್ಯಾಕ್ಸೊಫೋನ್, ಟ್ರಂಪೆಟ್ ಊದುತ್ತಿದ್ದ ದೊಡ್ಡ ಬ್ಯಾಂಡುಗಳಿಗೆ ಹಾಡು ಬರೆದಿದ್ದವಂತೆ. ನಾನು ನಂಬಲಿಲ್ಲ. ನಂಬದಿರಲು ಸ್ವಂತ ಕಾರಣವಿತ್ತು: ನಾನೂ ಹಾಡು ಬರೆಯುತ್ತಿದ್ದೆ.

ಎಪ್ಪತ್ತರ ದಶಕದ ಹ್ಯೂಸ್ಟನ್. ಅವರ ಮಹಡಿಯಲ್ಲಿ ನಾನು, ನನ್ನಾಕೆ ಬಾಡಿಗೆಗಿದ್ದೆವು. ಶನಿವಾರ ಮಧ್ಯಾಹ್ನ ಅವರು ಹಿರಿಯರ ಡಾನ್ಸ್ ಕ್ಲಬ್ಬಿಗೆ ಹೋಗಿ ಕುರ್ಚಿ ಹಾಕುವುದು, ಕಾಫಿ ಕಾಯಿಸುವುದು ಎಲ್ಲವನ್ನೂ ಸೇವೆಯೆಂದು ಮಾಡುತ್ತಿದ್ದರು. ಒಮ್ಮೆ ನಮ್ಮನ್ನೂ ಕರೆದೊಯ್ದರು. ಬ್ಯಾಂಡಿನವರು ಮಾಲೀಕರು ಬರೆದ ಹಾಡನ್ನೆತ್ತಿಕೊಂಡರು. ಊರುಗೋಲುಗಳು ಕುರ್ಚಿಗೆ ಒರಗಿದವು. ಸಭೆಗೆ ಸಭೆಯೇ ಎದ್ದು ಕುಣಿಯಿತು. ಕರ್ತೃ ಮಾತ್ರ ನಾಪತ್ತೆ. ಹುಡುಕಿದರೆ ಅಡುಗೆಮನೆಯಲ್ಲಿ ಕಪ್ ತೊಳೆಯುತ್ತಿದ್ದರು. ಇದೇಕೆಂದು ಕೇಳಿದೆ.

"ಈ ಹಾಡಿಗೆ ಎಲ್ಲರೂ ಕಪ್ ಕೆಳಗಿಟ್ಟು ಏಳ್ತಾರೆ. ತೊಳೆಯೋಕೆ ಇದಕ್ಕಿಂತ ಒಳ್ಳೆ ಹೊತ್ತು ಸಿಗೋದಿಲ್ಲ."

ಇಂಥ ನಿರ್ಲಿಪ್ತತೆಯನ್ನು ಋಷಿಗಳಲ್ಲಿ ಸಹಿಸಬಹುದು. ಮನೆ ಮಾಲೀಕರಲ್ಲಿ ಕಷ್ಟ. ವಾಪಸು ಬರುವಾಗ ಕಾರಿನಲ್ಲಿ ನನ್ನಾಕೆ ಅದೇ ಧಾಟಿಯನ್ನು ಗುನುಗುತ್ತಿದ್ದಳು. ಮದುವೆಯಾದಂದಿನಿಂದ ನನ್ನ ಒಂದು ಸಾಲನ್ನೂ ಗುನುಗಿದವಳಲ್ಲ. ನನ್ನ ಹಾಡಿಗೇನಾಗಿದೆ ಎಂದೆ.

"ಚೆನ್ನಾಗಿದೆ ಕಣ್ರೀ," ಎಂದಳು. "ಓದೋದಕ್ಕೆ."

ಯುಗಾದಿ ಕೂಟದಲ್ಲಿ ಸೇಡು ತೀರಿಸಿಕೊಳ್ಳಲು ಹೊರಟೆ. ಆಸ್ಟಿನ್, ಡಲ್ಲಾಸ್‌ನಿಂದಲೂ ಕನ್ನಡಿಗರು ಡ್ರೈವ್ ಮಾಡಿಕೊಂಡು ಬಂದಿದ್ದರು. ಕ್ಲಬ್ಬಿನ ಹಾಲ್ ಕೊಡಿಸಿದ್ದು ಮಾಲೀಕರೇ, ಕಾಫಿಯೂ ಅವರದೇ. ನನ್ನ ಸ್ವಾಗತಗೀತೆ ಶುರುವಾಯಿತು. ಎಂಟು ಚರಣ. ಎರಡನೆಯದಕ್ಕೇ ಸಭೆ ಎದ್ದಿತು. ನನ್ನ ಎದೆ ಉಬ್ಬಿತು. ಸಭೆ ಕಾಫಿ ಮೇಜಿನತ್ತ ನಡೆಯಿತು.

ಆಮೇಲೆ ಮಾಲೀಕರು ನನ್ನ ಹೆಗಲ ಮೇಲೆ ಒದ್ದೆ ಕೈಯಿಟ್ಟು, ಬಹಳ ಗೌರವದಿಂದ, "ನಿಮ್ಮ ಹಾಡಿಗೆ ಕಾಫಿ ಚೆನ್ನಾಗಿ ಖರ್ಚಾಯ್ತು. ಯಾರೂ ಕಪ್ ಕೆಳಗಿಡಲಿಲ್ಲ, ತೊಳೆಯೋಕೆ ಒಂದೂ ಸಿಗಲಿಲ್ಲ," ಎಂದರು.

ಅಣಕವೋ ಸಮಾಧಾನವೋ ಇಂದಿಗೂ ತಿಳಿಯದು. ಅಂಗಿಯ ಒದ್ದೆ ಆರುವವರೆಗೂ ಹೊಟ್ಟೆ ಉರಿಯುತ್ತಿತ್ತು. ಆರಿದ ಮೇಲೂ ಉರಿಯಿತು.

ಅವರು ತೀರಿಕೊಂಡ ಮರುವಾರ ಕ್ಲಬ್ಬಿನಲ್ಲಿ ಅದೇ ಹಾಡು ನುಡಿಸಿದರು. ಊರುಗೋಲುಗಳು ಒರಗಿದವು. ನನ್ನಾಕೆಯೂ ಒಬ್ಬ ಅಜ್ಜಿಯ ಕೈಹಿಡಿದು ಎದ್ದಳು. ಕಪ್‌ಗಳೆಲ್ಲ ಮೇಜಿನ ಮೇಲೆ ಹಾಗೇ ಬಿದ್ದಿದ್ದವು, ಒಳಗೆ ತೊಳೆಯುವವರಿರಲಿಲ್ಲ. ಅಂಗಿಯ ತೋಳು ಮಡಿಚಿ ಟ್ರೇ ಎತ್ತಿಕೊಂಡು ಹೋದೆ. ಕೊನೆಯ ಕಪ್ ಬೋರಲು ಹಾಕುವುದಕ್ಕೂ ಹಾಡು ಮುಗಿಯುವುದಕ್ಕೂ ಸರಿಹೋಯಿತು.

ನನ್ನ ಎಂಟು ಚರಣಗಳಲ್ಲಾದರೆ ಎರಡು ಸಲ ತೊಳೆಯಬಹುದಿತ್ತು, ಕಪ್ ಸಿಕ್ಕಿದ್ದರೆ.