ಮುಂದಕ್ಕೆ ಒಂದು, ಹಿಂದಕ್ಕೆ ನಾಲ್ಕು

ಮೇಸ್ತ್ರಿಯ ಕತ್ತು ಎರಡು ಬೆರಳಿನಷ್ಟು ಎಡಕ್ಕೆ ತಿರುಗಿಯೇ ಇರುತ್ತಿತ್ತು. ನಮ್ಮೊಡನೆ ಮಾತಾಡುವಾಗಲೂ ನಮ್ಮ ಭುಜದಾಚೆ ಯಾರನ್ನೋ ನೋಡುವಂತೆ ಕಾಣುತ್ತಿದ್ದರು. ಅದು ಹುಟ್ಟಿನಿಂದ ಬಂದದ್ದಲ್ಲ. ಹೇಗೆ ಬಂತೆಂಬುದಕ್ಕೆ ನಾನೊಬ್ಬನೇ ಸಾಕ್ಷಿ, ಕಂಡಷ್ಟನ್ನೇ ಬರೆಯುತ್ತೇನೆ.

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ನಮ್ಮ ಪಕ್ಕದ ಮನೆಯೇ ಅವರ ಗ್ಯಾರೇಜು. ಅಲ್ಲೊಂದು ವಿಲಾಯಿತಿ ಸ್ಪೋರ್ಟ್ಸ್ ಕಾರಿತ್ತು: ಎರಡೇ ಸೀಟು, ಮೇಲೆ ಮುಚ್ಚಳವಿಲ್ಲ. ಅಲ್ಲಿನ ಕಂಪನಿ ಕೆಲವು ವರ್ಷಕ್ಕೊಮ್ಮೆ ಆ ಮಾಡೆಲನ್ನು ತಿದ್ದುತ್ತಿತ್ತು. ಹಳೆಯ ಪತ್ರಿಕೆಗಳಲ್ಲಿ ಚಿತ್ರ ಸಿಕ್ಕರೆ, ಮೇಸ್ತ್ರಿ ಸಾಲಿ ಮಾಸ್ತರನಾದ ನನ್ನಿಂದ ಅದನ್ನು ಓದಿಸಿ ತಮ್ಮ ಕಾರನ್ನೂ ತಿದ್ದುವರು. ಕಂಪನಿಯವರು ಕಡ್ಡಿಚಕ್ರ ಬಿಟ್ಟರೆ ಇವರೂ ಬಿಟ್ಟರು. ಅವರು ಬಾಗಿಲಿಗೆ ಗಾಜು ಕೂರಿಸಿದರೆ ಇವರು ಹಳೆ ಬಸ್ಸಿನ ಗಾಜು ಕತ್ತರಿಸಿದರು. ಎಪ್ಪತ್ತರ ದಶಕದಲ್ಲಿ ಅವರು ಹೊಳೆಯುವ ಬಂಪರು ತೆಗೆದು ಕಪ್ಪು ರಬ್ಬರಿನದು ಹಾಕಿದಾಗ ಇವರು ಲಾರಿ ಟಯರು ಸೀಳಿ ಬಡಿದರು.

“ಮಾಡೆಲ್ ಒಂದ ಐತ್ರಿ ಮಾಸ್ತರ, ಕಾರ್ಖಾನಿ ಎರಡು,” ಅನ್ನುತ್ತಿದ್ದರು.

“ಮಾಳಿಗಿ ಸೋರಾಕತ್ತೈತಿ. ಅದಕ್ಕ ಯಾವಾಗ ಬರ್ತೈತಿ ಹೊಸಾ ಮಾಡೆಲ್ಲು?” ಅಂತ ಒಳಗಿನಿಂದ ಅವರ ಹೆಂಡತಿ.

ಕೊನೆಗೆ ಮೇಸ್ತ್ರಿ ಹೆಂಡತಿಗೆ ಮಾತು ಕೊಟ್ಟರು: ಈ ಸಲ ಆರ್‌ಟಿಒ ತಪಾಸಣೆಯಲ್ಲಿ ಪಾಸಿಂಗ್ ಆಗದಿದ್ದರೆ ಕಾರು ಗುಜರಿಗೆ.

ಪಾಸಿಂಗಿನ ಹಿಂದಿನ ದಿನ ಪರೀಕ್ಷೆಗೆಂದು ಸಿರುಗುಪ್ಪದವರೆಗೆ ಓಡಿಸಿದೆವು. ಅಲ್ಲಿ ಹಿಂದಿನ ಆಕ್ಸಲ್ ಮುರಿಯಿತು. ಮರುದಿನ ಬೆಳಿಗ್ಗೆ ಅಲ್ಲಿನ ಅಕ್ಕಿ ಗಿರಣಿಯೊಂದರ ಹಿತ್ತಲಲ್ಲಿದ್ದ ಹಳೆ ಜೀಪಿನ ಆಕ್ಸಲನ್ನು ಬಿಚ್ಚಿ ಹಾಕಿದರು. ಮೊದಲ ಗೇರಿಗೆ ಕಾರು ಹಿಂದಕ್ಕೆ ಹಾರಿ ಭತ್ತದ ಚೀಲಗಳಿಗೆ ಹೊಡೆಯಿತು. ಅವಸರದಲ್ಲಿ ಆಕ್ಸಲ್ ತಲೆಕೆಳಗಾಗಿ ಕೂತು ಚಕ್ರಗಳು ಉಲ್ಟಾ ತಿರುಗುತ್ತಿದ್ದವು. ಈಗ ಮುಂದಕ್ಕೆ ಒಂದೇ ಗೇರು, ಹಿಂದಕ್ಕೆ ನಾಲ್ಕು.

ಆ ಒಂದೇ ಗೇರಿನಲ್ಲಿ ತೆವಳಿ ಕುರುಗೋಡು ಮುಟ್ಟುವಷ್ಟರಲ್ಲಿ ರೇಡಿಯೇಟರು ಕುದಿಯಿತು. ಬಿಸಿಲು ಇಳಿಯತೊಡಗಿತ್ತು. ಮೇಸ್ತ್ರಿ ಕಾರಿನ ಮೂತಿಯನ್ನು ಸಿರುಗುಪ್ಪದ ಕಡೆ ತಿರುಗಿಸಿ, ಕತ್ತನ್ನು ಬಳ್ಳಾರಿಯ ಕಡೆ ತಿರುಗಿಸಿ, ನಾಲ್ಕನೆಯ ಗೇರಿಗೆ ಹಾಕಿದರು. ನಾನು ಸೀಟಿನ ಮೇಲೆ ಮಂಡಿಯೂರಿ, ಬೆನ್ನೊರಗು ತಬ್ಬಿಕೊಂಡು, ಎದುರಾದ ಎತ್ತು, ಬಂಡಿ, ಬಸ್ಸುಗಳನ್ನು ಕೂಗಿ ಹೇಳುತ್ತಿದ್ದೆ. ಎಷ್ಟು ವೇಗವಿತ್ತೆಂದು ಹೇಳಲಾರೆ. ಸ್ಪೀಡೋಮೀಟರಿನ ಮುಳ್ಳು ನೋಡಲು ನಾನು ತಿರುಗಲಿಲ್ಲ.

ಕೊಳಗಲ್ಲಿನ ಬಳಿ ಎಮ್ಮೆ ಅಡ್ಡ ಬಂದದ್ದರಿಂದ ನಿಂತೆವು. ಅದರ ಹಿಂದಿದ್ದವನು ಕೇಳಿದ, “ಎಲ್ಲಿಗ್ರಿ?”

“ಬಳ್ಳಾರಿಗೆ.”

“ಮತ್ತ ಮುಖಾ ಕುರುಗೋಡಿಗೆ ಐತಲ್ಲ.”

“ಮುಖಾ ಎಲ್ಲೆರ ಇರಲಿ. ನಿನ್ನ ಎಮ್ಮಿ ಸರಿಸಪ.”

ಬಾಲ ಮುಂದಾಗಿಯೇ ಪಾಸಿಂಗ್ ಮೈದಾನ ಹೊಕ್ಕೆವು. ನನ್ನ ಪರಿಚಯವಿದ್ದ ಇನ್‌ಸ್ಪೆಕ್ಟರರು ಮೇಸ್ತ್ರಿಯನ್ನು ಬಿಟ್ಟು ನನ್ನನ್ನು ಕೇಳಿದರು, “ನೀವ ಹೇಳ್ರಿ ಮಾಸ್ತರ, ಏನಾಗೈತಿ ಇದಕ್ಕ?”

“ಆಕ್ಸಲ್ ತಲೆಕೆಳಗ ಐತ್ರಿ. ಬ್ರೇಕು ಚಲೋ ಅದಾವ. ದಾರಿಯೊಳಗ ಹನ್ನೊಂದು ಸಲ ನೋಡೀನಿ.”

ಅವರು ಗಡಿಯಾರ ನೋಡಿದರು. “ಐದಕ್ಕ ಗೇಟ್ ಹಾಕ್ತೀನಿ.”

ಮೇಸ್ತ್ರಿ ಅಲ್ಲೇ ಬೇವಿನ ನೆರಳಲ್ಲಿ ಕಾರಿನಡಿ ತೂರಿ ಆಕ್ಸಲನ್ನು ಬಿಚ್ಚಿ ಮಗುಚಿ ಕೂರಿಸಿದರು. ಐದಕ್ಕೆ ಕಾರು ಮುಂದಕ್ಕೆ ನಾಲ್ಕೂ ಗೇರಿನಲ್ಲಿ ಓಡಿ ಪಾಸಾಯಿತು. ಕತ್ತು ಮಾತ್ರ ಮರಳಿ ನೇರವಾಗಲಿಲ್ಲ.

ಎಂಬತ್ತರ ಸುಮಾರಿಗೆ ಆ ಮಾಡೆಲನ್ನೇ ಕಂಪನಿ ನಿಲ್ಲಿಸಿತೆಂದು ಓದಿ ಹೇಳಿದೆ. ಮೇಸ್ತ್ರಿ ಚಹ ಮುಗಿಸಿ ಲೋಟ ಕೆಳಗಿಟ್ಟರು. ಆಮೇಲೆ, “ಹಂಗಾದ್ರ ಇನ್ನ ಹೊಸಾ ಮಾಡೆಲ್ ಅಂದ್ರ ನಮ್ಮದ ರೀ,” ಎಂದರು.

ಕೆಲವು ವರ್ಷಗಳ ನಂತರ ಅವರು ತೀರಿಕೊಂಡರು. ತಿಂಗಳೊಳಗೆ ಗುಜರಿಯವನು ತಕ್ಕಡಿ ತಂದ. ಮಾಳಿಗೆ ಇನ್ನೂ ಸೋರುತ್ತಿತ್ತು. ಅವರ ಹೆಂಡತಿ ಬಾಗಿಲಿಗೆ ಅಡ್ಡ ನಿಂತರು.

“ಒಯ್ಯಾಕ ಬರಾಂಗಿಲ್ಲಪ. ಅದು ಪಾಸಾದ ಗಾಡಿ. ಬೇಕಾದ್ರ ಮಾಸ್ತರನ್ನ ಕೇಳು.”

ಹೌದೆಂದು ನಾನು ಸಾಕ್ಷಿ ಹೇಳಿದೆ.