ರೋಗಿಯ ಚೀಟಿಗೆ ಹೇಳಿದ ಹೆಸರು

ಯುದ್ಧದ ಕಾಲದಲ್ಲಿ ನಾನು ಮದ್ದೂರು ಕಡೆಯ ಕೊಪ್ಪದ ಹತ್ತಿರದ ಒಂದು ಹಳ್ಳಿಯಲ್ಲಿ ಮೇಷ್ಟ್ರಾಗಿದ್ದೆ. ಊರಿಗೆಲ್ಲ ಬುದ್ಧಿ ಹೇಳುವ ಮೇಷ್ಟ್ರಿಗೆ ತನ್ನ ಬುದ್ಧಿಯೇ ಹತೋಟಿಯಲ್ಲಿಲ್ಲ ಅನ್ನೋದು ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬಳು ನನ್ನ ಹೆಂಡತಿ. ಇನ್ನೊಬ್ಬ ನಾನು, ಆದರೆ ನಾನು ಒಪ್ಪುತ್ತಿರಲಿಲ್ಲ.

ಹುಮ್ಮಸ್ಸು ಏರಿದ ಕಾಲದಲ್ಲಿ ನನಗೆ ನಿದ್ದೆ ಬೇಡ, ಊಟ ಬೇಡ, ಮಾತೊಂದೇ ಬೇಕು. ಹೊತ್ತು ಮುಳುಗಿದರೂ ಮಕ್ಕಳನ್ನು ಮನೆಗೆ ಬಿಡದೆ ಮಗ್ಗಿ ಹೇಳಿಸುತ್ತಿದ್ದೆ. ಹಿಟ್ಟಿನ ಮಡಕೆ ಬರಿದಾಗಿದ್ದಾಗಲೇ ಬೀದಿಯವರನ್ನೆಲ್ಲ ಊಟಕ್ಕೆ ಕರೆದುಬಿಡುತ್ತಿದ್ದೆ. ಅವಳ ತವರಿನ ತಾಮ್ರದ ಹಂಡೆಯನ್ನು ಯಾರೋ ದಾರಿಹೋಕನಿಗೆ ಎತ್ತಿಕೊಟ್ಟೆ. ಊರಿಗೆ ಉಪಕಾರಿ, ಮನೆಗೆ ಮಾರಿ! ಆಮೇಲೆ ಒಂದು ದಿನ ಎಲ್ಲ ಇಳಿದುಹೋಗುತ್ತಿತ್ತು. ಗೋಡೆ ಕಡೆ ತಿರುಗಿ ಮಲಗಿದರೆ ವಾರಗಟ್ಟಲೆ ಏಳುತ್ತಿರಲಿಲ್ಲ. ಬಾವಿ ಕಂಡರೆ ಹಾರಿಬಿಡೋಣ ಅನ್ನಿಸುತ್ತಿತ್ತು. ಅದು ಹೇಗೋ ಅವಳಿಗೆ ಗೊತ್ತಾಗಿ, ನನ್ನನ್ನು ಹಿತ್ತಲಿಗೆ ಒಬ್ಬನೇ ಬಿಡುತ್ತಿರಲಿಲ್ಲ. ಕೇಳಿದವರಿಗೆಲ್ಲ "ಕಾಮಾಲೆ ಕಣಣ್ಣ, ಮಲಗವ್ರೆ" ಅಂತ ಸುಳ್ಳು ಹೇಳಿ ನನ್ನ ಮಾನ ಕಾಯುತ್ತಿದ್ದಳು.

ತಾಯತ ಕಟ್ಟಿಸಿದ್ದಾಯಿತು, ವೈದ್ಯನಾಥಪುರದ ದೇವರಿಗೆ ಹರಕೆ ಹೊತ್ತದ್ದಾಯಿತು. ಕೊನೆಗೆ ಪಾತ್ರೆಗೆ ಕಲಾಯಿ ಹಾಕಲು ಮದ್ದೂರಿನಿಂದ ಬರುತ್ತಿದ್ದ ಸಾಬರ ಮುಂದೆ ಅತ್ತುಕೊಂಡಳು. "ದೆವ್ವ ಅಲ್ಲ ತಾಯಿ, ಕಾಯಿಲೆ. ನಮ್ ಭಾವಂಗೂ ಇಂಗೇ ಆಗಿತ್ತು. ಮಂಡ್ಯದಾಗೆ ಒಬ್ರು ಡಾಕ್ಟ್ರವ್ರೆ, ಕರ್ಕೊಂಡೋಗಿ" ಅಂದರು ಅವರು.

ಮಲಗಿದ ಕಾಲದಲ್ಲಿ ನನ್ನನ್ನು ಎಬ್ಬಿಸೋದು ನಾಲ್ಕಾಳಿಗೂ ಆಗದ ಕೆಲಸ. ಅದಕ್ಕೇ ಏರಿದ ಕಾಲ ನೋಡಿ ಹೊರಡಿಸಿದಳು. ನಾನೋ, ಮದುವೆ ದಿಬ್ಬಣಕ್ಕೆ ಹೋಗುವವನ ಹಾಗೆ ಕೋಟು ರುಮಾಲು ಹಾಕಿಕೊಂಡು ಪೆಟ್ರೋಲು ಸಿಗದ ಆ ಕಾಲದ ಇದ್ದಿಲು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಡ್ರೈವರಿಗೇ ಪಾಠ.

ಡಾಕ್ಟರ ಬಾಗಿಲಲ್ಲಿ ಕಾಂಪೌಂಡರು ಚೀಟಿ ಹಿಡಿದು, "ರೋಗಿ ಹೆಸರೇನಮ್ಮ?" ಅಂತ ಅವಳನ್ನು ಕೇಳಿದ. ಗಂಡನ ಹೆಸರು ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತೆ ಅಂತ ನಂಬಿದವಳು ಅವಳು. ಸೆರಗು ಬಾಯಿಗೆ ಹಿಡಿದು, "ನೀವೇ ಯೋಳಿ" ಅಂತ ನನ್ನ ಮುಖ ನೋಡಿದಳು. ಬೆಂಚಿನ ಮೇಲೆ ಬೆಸಗರಹಳ್ಳಿಯ ಗೌಡರೊಬ್ಬರು ಕೂತಿದ್ದರು, ನನ್ನನ್ನು ಚೆನ್ನಾಗಿ ಬಲ್ಲವರು. ನಾನು ಅವಳ ಹೆಸರು ಹೇಳಿಬಿಟ್ಟೆ. ಥೂ, ನನ್ನ ಜನ್ಮಕ್ಕೆ!

ಒಳಗೆ ಹೋದ ಮೇಲೂ ನಿಲ್ಲಿಸಲಿಲ್ಲ. "ಇವಳಿಗೆ ಮನಸ್ಸು ಸರಿಯಿಲ್ಲ ಡಾಕ್ಟರೇ. ನನಗೇ ಹುಚ್ಚು ಅಂತಾಳೆ!" ಅಂತ ನಕ್ಕೆ. ಡಾಕ್ಟರೂ ನಕ್ಕರು. ಅವಳ ಕಡೆ ತಿರುಗಿ, "ನಿದ್ದೆ ಬರುತ್ತೇನಮ್ಮ?" ಅಂದರು.

"ಇಲ್ಲ ಸ್ವಾಮಿ."

"ಅಳು?"

"ಬತ್ತದೆ."

ಎರಡೂ ನಿಜವೇ. ಎರಡಕ್ಕೂ ಕಾರಣನಾದ ನಾನು ಪಕ್ಕದಲ್ಲೇ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದೆ. ಅಳತೆಗೆ ಕಾಗದದ ಪಟ್ಟಿ ಅಂಟಿಸಿದ ಔಷಧಿ ಬಾಟಲಿಯನ್ನು ಅವಳ ಕೈಗೆ ಕೊಟ್ಟರು. ಅವಳು ಸೆರಗಿನಲ್ಲಿ ಸುತ್ತಿಟ್ಟುಕೊಂಡಳು.

ಬಸ್ಸಿನಲ್ಲಿ ನಾನೇ ಕೇಳಿದೆ, "ಯಾಕೆ, ಬಾಯಿ ಬಿದ್ದುಹೋಗಿತ್ತೇನೇ?"

"ನಾಲ್ಕು ಜನದ ಮುಂದೆ ನಿಮ್ಮನ್ನ ಸುಳ್ಳಪ್ಪ ಅನ್ನಲಾ?" ಅಂದಳು.

ಸುಗ್ಗಿ ಮುಗಿಯೋ ಹೊತ್ತಿಗೆ ಮನಸ್ಸು ಮತ್ತೆ ಇಳಿಯಿತು. ಹಿಂದೆಂದೂ ಹಾಗೆ ಇಳಿದಿರಲಿಲ್ಲ. ಒಂದು ಬೆಳಿಗ್ಗೆ ಬಾವಿಯ ಕಟ್ಟೆ ಮೇಲೆ ನಿಂತೇಬಿಟ್ಟಿದ್ದೆ. ಅವಳು ಓಡಿಬಂದು ನನ್ನ ಪಂಚೆ ಹಿಡಿದು ಎಳೆದಳು. ಇಬ್ಬರೂ ಕಲ್ಲಿನ ಮೇಲೆ ಬಿದ್ದೆವು. ಅವಳ ಮೊಣಕೈ ಒಡೆದು ರಕ್ತ ಬಂತು. ಅದನ್ನು ಒರೆಸಿಕೊಳ್ಳದೆ ನೆರೆಯವರ ಗಾಡಿ ಕಟ್ಟಿಸಿ, ಹುಲ್ಲಿನ ಮೇಲೆ ನನ್ನನ್ನು ಮಲಗಿಸಿಕೊಂಡು ಮಂಡ್ಯಕ್ಕೆ ಹೊರಟಳು. ದಾರಿಯಲ್ಲಿ ನನ್ನ ತಲೆಯಲ್ಲಿ ಒಂದೇ ಯೋಚನೆ: ಈಗ ನನ್ನ ಸುಳ್ಳು ಬಯಲಾಗುತ್ತೆ. ಸಾಯಲು ಹೊರಟವನಿಗೆ ಮರ್ಯಾದೆಯ ಚಿಂತೆ!

ಡಾಕ್ಟರು ನನ್ನ ಕಡೆ ನೋಡಲೇ ಇಲ್ಲ. ಅವಳನ್ನು ಗುರುತು ಹಿಡಿದು, "ಏನಮ್ಮಾ, ಔಷಧಿ ಕುಡಿದೆಯಾ?" ಅಂತ ಕೇಳಿದರು.

ನಾನು ಕಣ್ಣು ಮುಚ್ಚಿಕೊಂಡೆ. ಅವಳು ಈಗ ಹೇಳುತ್ತಾಳೆ. ಹೇಳಲಿ, ಹೇಳಬೇಕಾದದ್ದೇ.

"ಕುಡಿದೆ ಸ್ವಾಮಿ, ಒಂದು ತೊಟ್ಟೂ ಬುಡದಂಗೆ ಕುಡಿದೆ" ಅಂದಳು. "ನಂಗೆ ಉಚ್ಚು ಬುಟ್ಟೋಯ್ತು. ಈಗಲಾದ್ರೂ ನನ್ನ ಮಾತು ನಂಬಿ, ಇವರ್ನ ನೋಡಿ."