ಪಾಠದ ಗೆರೆಗೆ ದಾರ ಹಾಕುವ ಫಕ್ರುನ್ನೀಸಾ

ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಇನ್ನೂ ಹಾಲಿನ ಸೈಕಲ್ಲುಗಳು ಮಾತ್ರ ಓಡಾಡುತ್ತಿವೆ. ಬೆಳಗಿನ ನಮಾಜು ಮುಗಿಸಿದ ಫಕ್ರುನ್ನೀಸಾ ಹೊಲಿಗೆ ಯಂತ್ರದ ಮುಸುಕು ತೆಗೆಯುವುದಿಲ್ಲ. ಭಾನುವಾರದ ಕೆಲಸವೆಲ್ಲ ಕೈಸೂಜಿಯದು. ಬಾಗಿಲ ಬೆಳಕಿಗೆ ಕೂತು, ಮಾಂಜರಪಾಟು ಬಟ್ಟೆಯ ತುಂಡೊಂದನ್ನು ಮಡಿಲಲ್ಲಿ ಹರವಿಕೊಂಡು ಅದರ ಮೇಲೆ ಎರಡು ಗೆರೆ ಎಬ್ಬಿಸುತ್ತಿದ್ದಾರೆ. ಇಳಿಯುವ ಗೆರೆಗೆ ದಪ್ಪ ಗೋಣಿದಾರ, ಏರುವ ಗೆರೆಗೆ ಸರಪಳಿ ಹೊಲಿಗೆ. ಎರಡೂ ಕೂಡುವಲ್ಲಿ ಷರ್ಟಿನ ಗುಂಡಿ. ಹೊಲಿದಾದ ಮೇಲೆ ಕಣ್ಣು ಮುಚ್ಚಿ ಬೆರಳಾಡಿಸಿ ನೋಡುತ್ತಾರೆ.

"ಇದು ಬೇಡಿಕೆ, ಇದು ಪೂರೈಕೆ. ಗುಂಡಿ ಇರೋ ಕಡೆ ಬೆಲೆ" ಎನ್ನುತ್ತಾರೆ. "ನಾನು ಓದಿದ್ದು ನಾಲ್ಕನೇ ಕ್ಲಾಸು. ಇದೆಲ್ಲ ಆ ಹುಡುಗಿ ಪಕ್ಕ ಕೂತು ಕಲ್ತಿದ್ದು."

ಆ ಹುಡುಗಿ ಹರಿಹರದ ನಯನಾ. ಹುಟ್ಟಿನಿಂದ ಕಣ್ಣು ಕಾಣದವಳು. ಅಂಚೆಯ ಮೂಲಕ ಬಿ.ಎ. ಓದುತ್ತಿದ್ದಾಳೆ. ಭಾನುವಾರ ತಾಯಿ ಗುರುಶಾಂತಮ್ಮನ ಜೊತೆ ಬಸ್ಸಿನಲ್ಲಿ ದಾವಣಗೆರೆಯ ದೂರಶಿಕ್ಷಣ ಕೇಂದ್ರಕ್ಕೆ ಬರುತ್ತಾಳೆ. ಆ ಕೊಠಡಿಯಲ್ಲಿ ಮೇಷ್ಟ್ರಿಲ್ಲ, ಒಂದು ಟಿ.ವಿ. ಇದೆ. ಬೆಂಗಳೂರಿನ ಸ್ಟುಡಿಯೋದಲ್ಲಿ ನಿಂತು ಮೇಷ್ಟ್ರು ಮಾಡುವ ಪಾಠ ಮಾಳಿಗೆಯ ಮೇಲಿನ ಡಿಶ್ಶಿಗೆ ಬಂದು ಇಲ್ಲಿ ಕಾಣುತ್ತದೆ. ಸಂದೇಹ ಬಂದವರು ಫೋನ್ ಮಾಡಿ ಕೇಳಬಹುದು. ಊರೂರಿನ ವಿದ್ಯಾರ್ಥಿಗಳು ಹೀಗೆ ಒಂದೇ ತರಗತಿಯಲ್ಲಿ ಕೂತಂತೆ. ನಯನಾಳ ಪಾಲಿಗೆ ಮಾತ್ರ ಆ ತರಗತಿಯ ಬಾಗಿಲು ಅರ್ಧ ತೆರೆದಿತ್ತು.

ಫಕ್ರುನ್ನೀಸಾ ಅವರ ಗಂಡ ಕೆಲಸ ಮಾಡುತ್ತಿದ್ದ ಹತ್ತಿಗಿರಣಿ ಮುಚ್ಚಿ ವರ್ಷಗಳಾದವು. ಅಂದಿನಿಂದ ಮನೆ ನಡೆಯುವುದು ಇವರು ಹೊಲಿಯುವ ಜಂಪರು, ಸೀರೆಯ ಫಾಲುಗಳ ಮೇಲೆ. ಎರಡು ವರ್ಷದ ಹಿಂದೆ ಗುರುಶಾಂತಮ್ಮ ಮಂಡಿಪೇಟೆಯಲ್ಲಿ ಕೊಂಡ ಬಟ್ಟೆ ಹಿಡಿದು ಅಳತೆ ಕೊಡಲು ಮಗಳೊಂದಿಗೆ ಬಂದವರು, ಜೊತೆಗೇ ಬೇಸರವನ್ನೂ ಹೇಳಿಕೊಂಡರು.

"ಮೇಷ್ಟ್ರು ಇಲ್ನೋಡಿ, ಅಲ್ನೋಡಿ ಅಂತಾರ. ಇವಳು ಏನ್ ನೋಡ್ಬೇಕ್ರಿ? ಮುಂದಿನ ವಾರದಿಂದ ಬರೋದೇ ಬ್ಯಾಡ ಅಂದೀನಿ."

ಮೇಜಿನ ಮೇಲೆ ಯಾರದೋ ಕಸೂತಿಯ ಜಂಪರಿತ್ತು. ನಯನಾಳ ಬೆರಳು ಅದರ ತೋಳಿನ ಮೇಲೆ ಓಡಾಡುತ್ತಿತ್ತು. ಸವರುತ್ತಲೇ ಕೇಳಿದಳು: "ಇದು ಮಾವಿನಕಾಯಿ ಅಲ್ವಾ ಆಪಾ?"

ಫಕ್ರುನ್ನೀಸಾ ಸೂಜಿ ಕೆಳಗಿಟ್ಟರು. "ಹೌದು ಬೇಟಿ. ಆ ಪಾಠದ ಪುಸ್ತಕ ಇಲ್ಲಿ ಬಿಟ್ಟು ಹೋಗ್ರಿ."

ಪುಸ್ತಕದ ಚಿತ್ರವನ್ನು ಮೊದಲ ಸಲ ಅವರು ಹೊಲಿದದ್ದು ಚೆಂದದ ಬಣ್ಣಬಣ್ಣದ ರೇಷ್ಮೆ ದಾರದಲ್ಲಿ. ನಯನಾ ಸವರಿ ನೋಡಿ, "ಎಲ್ಲಾ ಒಂದೇ ಥರ ಐತೆ ಆಪಾ" ಎಂದುಬಿಟ್ಟಳು. ಕಣ್ಣಿಗೆ ಬೇರೆಯಾದ ಬಣ್ಣಗಳು ಬೆರಳಿಗೆ ಒಂದೇ ಆಗಿದ್ದವು. ಬೇಜಾರಾಯಿತು ಎಂದು ಈಗಲೂ ಒಪ್ಪಿಕೊಳ್ಳುತ್ತಾರೆ. ಅಷ್ಟನ್ನೂ ಬಿಚ್ಚಿದರು. ಕಣ್ಣಿಗೆ ದುಪಟ್ಟಾ ಕಟ್ಟಿಕೊಂಡು ಮನೆಯಲ್ಲಿದ್ದ ದಾರವನ್ನೆಲ್ಲ ಮುಟ್ಟಿ ನೋಡಿದರು. ಗೋಣಿದಾರ, ಗುಂಡಿ, ಲಾಡಿ ಬಳಕೆಗೆ ಬಂದದ್ದು ಹಾಗೆ.

ಬಟ್ಟೆ ಸಿದ್ಧವಾದರೂ ತೊಡಕು ಮುಗಿಯಲಿಲ್ಲ. ನಯನಾ ಒಂದು ಗೆರೆ ಹುಡುಕುವಷ್ಟರಲ್ಲಿ ಟಿ.ವಿ.ಯ ಪಾಠ ಮುಂದೆ ಹೋಗಿರುತ್ತಿತ್ತು. ಫಕ್ರುನ್ನೀಸಾ ತಾವೇ ಪಕ್ಕದಲ್ಲಿ ಕೂತು, ಪಿಸುದನಿಯಲ್ಲಿ ಹೇಳುತ್ತ ಅವಳ ಬೆರಳನ್ನು ಸರಿಯಾದ ಜಾಗಕ್ಕೆ ಒಯ್ಯತೊಡಗಿದರು. ಈ ಪಿಸುಮಾತು ಉಳಿದವರಿಗೆ ಕಿರಿಕಿರಿಯಾಯಿತು. ಕೇಂದ್ರದ ಸಂಯೋಜಕರು, "ಒಂದೋ ಸುಮ್ಮನಿರಿ, ಇಲ್ಲಾ ಹೊರಗೆ ಕೂಡ್ರಿ ಅಮ್ಮಾ" ಎಂದರು. ಫಕ್ರುನ್ನೀಸಾ ಸುಮ್ಮನೆ ಕೂತರು, ನಯನಾಳ ಬೆರಳು ಬಿಡಲಿಲ್ಲ.

ಕಳೆದ ಮಳೆಗಾಲದ ಒಂದು ಭಾನುವಾರ ಮೇಷ್ಟ್ರು ಪುಸ್ತಕದಲ್ಲಿಲ್ಲದ ಹೊಸ ಗೆರೆಯೊಂದನ್ನು ಎಳೆದರು. "ಬೇಡಿಕೆ ಹೀಗೆ ಸರಿಯಿತು, ನೋಡಿ" ಎಂದರು. ಬಟ್ಟೆಯ ಮೇಲೆ ಆ ಗೆರೆ ಇರಲಿಲ್ಲ. ಬಾಯಲ್ಲಿ ಹೇಳೋಣವೆಂದರೆ ಫಕ್ರುನ್ನೀಸಾಗೆ ಅಪ್ಪಣೆ ಇರಲಿಲ್ಲ. ನಯನಾ ಎದ್ದು ನಿಂತಳು.

"ಸರ್, ಫೋನ್ ನನಗೆ ಕೊಡ್ರಿ."

ಸಂಯೋಜಕರು ಒಂದು ಕ್ಷಣ ಅನುಮಾನಿಸಿ ರಿಸೀವರ್ ಅವಳ ಕೈಗಿಟ್ಟರು. "ನಾನು ಹರಿಹರದ ನಯನಾ ಸರ್. ನನಗೆ ಕಣ್ಣು ಕಾಣಲ್ಲ. ಗೆರೆ ಯಾವ ಕಡೆ ಸರೀತು ಅಂತ ಬಾಯಲ್ಲಿ ಹೇಳ್ರಿ." ಅವಳದೇ ದನಿ ಟಿ.ವಿ.ಯಿಂದ ತಿರುಗಿ ಬಂತು, ಅವಳು ಬೆಚ್ಚಿದಳು.

ಪರದೆಯ ಮೇಲೆ ಮೇಷ್ಟ್ರ ಪೆನ್ನು ನಿಂತಿತು. "ಬಲಕ್ಕೆ ಸರಿಯಿತಮ್ಮ. ಹಳೆಯ ಗೆರೆಗೆ ಸಮಾನಾಂತರವಾಗಿ."

ಫಕ್ರುನ್ನೀಸಾ ಟಿ.ವಿ. ನೋಡುತ್ತಲೇ ಬಟ್ಟೆಯ ಮೇಲೆ ಗುಂಡುಪಿನ್ನುಗಳನ್ನು ಸಾಲಾಗಿ ಚುಚ್ಚುತ್ತ ಹೋದರು. ನಯನಾ ಪಿನ್ನಿನ ತಲೆಗಳನ್ನು ಸವರಿಕೊಂಡು ಏರುವ ಗೆರೆಯ ತನಕ ಬಂದಳು. "ಹಂಗಾದ್ರೆ ಬೆಲೆ ಏರ್ತೈತಲ್ಲ ಸರ್?"

"ಏರುತ್ತೆ. ಸರಿಯಾಗಿ ಹೇಳಿದೆ."

ಅಂದಿನಿಂದ ಆ ಮೇಷ್ಟ್ರು ಎಳೆಯುವ ಗೆರೆಯನ್ನೆಲ್ಲ ಬಾಯಲ್ಲೂ ಹೇಳುತ್ತಾರೆ. ಪಾಠದ ಚಿತ್ರಗಳು ಬೆಂಗಳೂರಿನಿಂದ ಮುಂಚಿತವಾಗಿ ಅಂಚೆಯಲ್ಲಿ ಬರುತ್ತವೆ, ಒಮ್ಮೊಮ್ಮೆ ತಡವಾಗಿ. ಫಕ್ರುನ್ನೀಸಾ ಅವರ ಕುರ್ಚಿಯನ್ನು ಈಗ ಸಂಯೋಜಕರೇ ನಯನಾಳ ಪಕ್ಕಕ್ಕೆ ಎಳೆದಿಡುತ್ತಾರೆ. ನಯನಾ ಅರ್ಥಶಾಸ್ತ್ರದಲ್ಲಿ ಪಾಸಾಗಿ ಕೊನೆಯ ವರ್ಷಕ್ಕೆ ಬಂದಿದ್ದಾಳೆ.

ಸುದ್ದಿ ಉಕ್ಕಡಗಾತ್ರಿಯ ಎರ್ರಿಸ್ವಾಮಿಗೂ ಮುಟ್ಟಿದೆ. ಜ್ವರದಲ್ಲಿ ದೃಷ್ಟಿ ಕಳೆದುಕೊಂಡ ಈತ ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿದ್ದಾನೆ. ಅವನಿಗೆ ಬೇಕಾಗಿರುವುದು ಹೃದಯದ ಚಿತ್ರ. ಫಕ್ರುನ್ನೀಸಾ ಮೈದುನನ ಮಟನ್ ಅಂಗಡಿಗೆ ಹೋಗಿ ಕುರಿಯ ಗುಂಡಿಗೆಯನ್ನು ಕೈಯಲ್ಲಿ ಹಿಡಿದು, ರಕ್ತನಾಳ ಎಲ್ಲಿಂದ ಹೊರಡುತ್ತದೆ ಎಂದು ಬೆರಳಿಟ್ಟು ನೋಡಿ ಬಂದಿದ್ದಾರೆ. ಪುಸ್ತಕದಲ್ಲಿ ಅದು ಚಪ್ಪಟೆ. ಇವರು ಒಳಗೆ ಹತ್ತಿ ತುಂಬಿ ಹೊಲಿಯುತ್ತಿದ್ದಾರೆ.

ಸನ್ಮಾನದ ಮಾತೆತ್ತಿದರೆ ನಗುತ್ತಾರೆ. "ಶಾಲು ಹೊದ್ಕೊಂಡು ಏನ್ ಮಾಡ್ಲಿ? ಚಿತ್ರ ಎಂಟು ದಿನ ಮೊದ್ಲೇ ಕಳಿಸ್ರಿ ಅಂತ ಪೇಪರ್ನಾಗ ಬರೀರಿ. ಅವಸರದಾಗ ಗೆರೆ ಸೊಟ್ಟ ಆಗ್ತೈತೆ. ಜಂಪರ್ ಆದ್ರೆ ಬಿಚ್ಚಿ ಹೊಲೀಬಹುದು, ಹುಡುಗ್ರು ತಪ್ಪು ಕಲ್ತ್ರೆ ಹೆಂಗೆ ಬಿಚ್ಚೋದು?"